ನಕ್ಷೆಯಲ್ಲಿ ಹತ್ತು ಕಾರು, ನೆಲದಲ್ಲಿ ಏಳು

ಶಿರಸಿ ಪೇಟೆಯೊಳಗೊಂದು ಹೊಸ ಕಾಂಪ್ಲೆಕ್ಸ್. ಓಸಿಗೆ, ಅಂದರೆ ಕಟ್ಟಡ ಬಳಸಬಹುದೆಂಬ ಸರ್ಟಿಫಿಕೇಟಿಗೆ, ಅರ್ಜಿ ಹೋಗಿತ್ತು, ಶಟರ್‌ಗಳಿಗೆ ಬಣ್ಣ ಬಿದ್ದಿತ್ತು, ಎರಡು ಅಂಗಡಿಗಳ ಅಡ್ವಾನ್ಸೂ ಮಾಲೀಕರ ಕೈಸೇರಿತ್ತು. ಪರಿಶೀಲನೆಗೆ ಬಂದ ಇಂಜಿನಿಯರ್ ಮೇಲೆ ಏನನ್ನೂ ನೋಡದೆ ಸೀದಾ ಬೇಸ್‌ಮೆಂಟಿಗೆ ಇಳಿದು ಹಳದಿ ಗೆರೆಗಳ ನಡುವೆ ಟೇಪ್ ಹಿಡಿದರು. ಎರಡನೇ ಜಾಗದ ಬಾಯಿಗೇ ಕಂಬ. ಮೂರನೆಯದರಲ್ಲಿ ಕಂಬದಿಂದ ಗೆರೆಗೆ 2.23 ಮೀಟರ್. ಮಾಲೀಕರ ಸ್ವಿಫ್ಟನ್ನೇ ಅಲ್ಲಿಗೆ ಬಿಡಿಸಿದರು. ಕಾರಿನ ಅಗಲವೇ 1.735 ಮೀಟರ್, ಉಳಿದದ್ದು ಆಚೆಗೊಂದು ಗೇಣು, ಈಚೆಗೊಂದು ಗೇಣು. ಕನ್ನಡಿ ಮಡಚಿ ಮೂರು ಸಲ ಹಿಂದೆಮುಂದೆ ಆಡಿಸಿದ ಮೇಲೆ ಕಾರೇನೋ ಒಳಗೆ ಹೋಯಿತು. ಪಕ್ಕದಲ್ಲಿ ಇನ್ನೊಂದು ಕಾರು ನಿಂತರೆ ಡ್ರೈವರ್ ಇಳಿಯುವುದು ಹೇಗೆ?

"ಎಂತದು ಮಾರಾಯ್ರೆ, ನಕ್ಷೆಯಲ್ಲಿ ಹತ್ತು ಕಾರು ಇತ್ತಲ್ಲ!" ಎಂದರು ಮಾಲೀಕರು.

ಇತ್ತು. ಮಂಜೂರಾತಿ ನಕ್ಷೆಯ ಬೇಸ್‌ಮೆಂಟಿನಲ್ಲಿ ಕಂಬಗಳೇ ಇರಲಿಲ್ಲ, ಅಷ್ಟೆ. 28 ಮೀಟರ್ ಉದ್ದವನ್ನು 2.8ರಂತೆ ಹತ್ತು ಪಾಲು ಮಾಡಿ ಗೆರೆ ಎಳೆದಿದ್ದರು. ಸ್ಟ್ರಕ್ಚರಲ್ ಡ್ರಾಯಿಂಗ್ ಬಂದದ್ದು ಆಮೇಲೆ, ಅದೂ ಅಂಗಡಿ ಅಗಲಕ್ಕೆ ಹೊಂದಿಸಿ 4 ಮೀಟರಿಗೊಂದು ಕಂಬ. 300 ಎಂಎಂ ಕಂಬ ಕಳೆದರೆ ನಡುವೆ 3.7 ಮೀಟರ್ ಸಿಗುತ್ತದೆ. ಒಂದು ಕಾರಿಗೆ ಹೆಚ್ಚು, ಎರಡಕ್ಕೆ ಸಾಲದು. ಏಳು ಅಂಕಣಕ್ಕೆ ಏಳೇ ಕಾರು. ಅದೇ ಉದ್ದಕ್ಕೆ 5.6 ಮೀಟರಿಗೊಂದು ಕಂಬ ಇಟ್ಟಿದ್ದರೆ ಐದು ಅಂಕಣ, ಪ್ರತಿಯೊಂದರಲ್ಲೂ 5.3 ಮೀಟರ್ ಬಿಡುವು, ಎರಡೆರಡು ಕಾರು, ಒಟ್ಟು ಹತ್ತು. ಅಂಗಡಿ ಗೋಡೆಗೆ ಕಂಬವೇ ಬೇಕೆಂದೇನೂ ಇಲ್ಲ, ತೊಲೆಯ ಮೇಲೆ ಬೇಕಾದಲ್ಲಿ ಬ್ಲಾಕ್ ಕಟ್ಟಬಹುದು. ಕಂಬಕ್ಕೆ ಗಾರೆ ಬಿದ್ದ ಮೇಲೆ ಒಂದೊಂದು ಮುಖದಲ್ಲಿ 15ರಿಂದ 20 ಎಂಎಂ ಹೋಗುತ್ತದೆ. ಗ್ರಾನೈಟ್ ಹಚ್ಚಿದರೆ ಇನ್ನೂ ಜಾಸ್ತಿ. ಅಳತೆ ಹಾಕುವಾಗಲೇ ಇದನ್ನು ಬಿಟ್ಟುಕೊಂಡಿರಬೇಕು.

ಎಷ್ಟು ಕಾರು ಬೇಕೆಂಬುದು ಆಯಾ ಊರಿನ ಮಾಸ್ಟರ್ ಪ್ಲಾನಿನ ವಲಯ ನಿಯಮಾವಳಿಯ ಕೋಷ್ಟಕದಲ್ಲಿರುತ್ತದೆ. ಬೆಂಗಳೂರಿನ ನಕ್ಷೆ ನೋಡಿ ಶಿರಸಿಗೋ ಕಾರವಾರಕ್ಕೋ ನಕಲು ಹೊಡೆಯಬೇಡಿ. ಲೆಕ್ಕಕ್ಕೆ 50 ಚದರ ಮೀಟರಿಗೆ ಒಂದು ಎಂದು ಹಿಡಿದರೆ, 500 ಚದರ ಮೀಟರ್ ಅಂಗಡಿಗೆ ಹತ್ತು ಕಾರು. 2.5ಕ್ಕೆ 5 ಮೀಟರಿನಂತೆ ಒಂದು ಕಾರಿಗೆ 12.5 ಚದರ ಮೀಟರ್ ಎಂದು ಮಾಲೀಕರು ಸಮಾಧಾನಪಡುತ್ತಾರೆ. ಓಡಾಡುವ ದಾರಿ ಸೇರಿದರೆ ಅದು 25ರಿಂದ 30 ಆಗುತ್ತದೆ, ರ‍್ಯಾಂಪ್ ಬೇರೆ. ಕಾರನ್ನು ದಾರಿಗೆ ಲಂಬವಾಗಿ ನಿಲ್ಲಿಸುವುದಾದರೆ ಎದುರಿಗೆ 6 ಮೀಟರ್ ದಾರಿ ಬೇಕು, ಅಂದರೆ ಒಂದೇ ಸಾಲಿಗೂ 11 ಮೀಟರ್ ಅಗಲ. ಪೇಟೆಯ ಹಳೇ ಸೈಟುಗಳಲ್ಲಿ ಅಷ್ಟು ಎಲ್ಲಿಂದ ಬರಬೇಕು? 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಸುಮಾರು 9 ಮೀಟರಿನಲ್ಲಿ ಮುಗಿಯುತ್ತದೆ. ಆದರೆ ಒಂದೊಂದು ಕಾರು ಉದ್ದದಲ್ಲಿ 3.5 ಮೀಟರ್ ತಿನ್ನುತ್ತದೆ, ಹೊರಹೋಗಲು ಇನ್ನೊಂದು ತುದಿಯಲ್ಲಿ ದಾರಿ ಇರಲೇಬೇಕು. ಅಂಗವಿಕಲರ ಜಾಗ 3.6 ಮೀಟರ್ ಅಗಲ, ಪ್ರವೇಶದ್ವಾರದಿಂದ 30 ಮೀಟರಿನೊಳಗೆ.

ರ‍್ಯಾಂಪಿನದು ಇನ್ನೊಂದು ರಗಳೆ. ಬೇಸ್‌ಮೆಂಟಿನ ಎತ್ತರ 3 ಮೀಟರ್ ಎಂದು ಹಿಡಿದರೆ, ನೆಲ ಅಂತಸ್ತನ್ನು ರಸ್ತೆಯಿಂದ 1 ಮೀಟರ್ ಎತ್ತರಿಸಿದರೂ ಇನ್ನು 2 ಮೀಟರ್ ಇಳಿಯಬೇಕು. 1:10 ಇಳಿಜಾರಿಗೆ 20 ಮೀಟರ್ ಉದ್ದ. ಮೇಲೂ ಕೆಳಗೂ ಮೂರು ಮೂರು ಮೀಟರ್ ಇಳಿಜಾರನ್ನು ಅರ್ಧಕ್ಕಿಳಿಸದಿದ್ದರೆ ಕಾರಿನ ಹೊಟ್ಟೆ ಉಜ್ಜುತ್ತದೆ. ತೊಲೆಯ ಅಡಿಗೆ 2.4 ಮೀಟರ್ ಬಿಟ್ಟೆವು ಎಂದುಕೊಂಡಿರುತ್ತೇವೆ, ಆಮೇಲೆ ಪ್ಲಂಬರ್ ಬಂದು 110 ಎಂಎಂ ಪೈಪನ್ನು ವಾಟ ಕೊಟ್ಟು ಅದೇ ತೊಲೆಯ ಕೆಳಗೆ ನೇತುಹಾಕುತ್ತಾನೆ.

ನಮ್ಮ ಮಳೆಗೆ ಬೇಸ್‌ಮೆಂಟ್ ಮಾಡುವವರು ಇಷ್ಟಾದರೂ ಲೆಕ್ಕ ಹಾಕಲಿ. 3.6 ಮೀಟರ್ ಅಗಲ, 20 ಮೀಟರ್ ಉದ್ದದ ತೆರೆದ ರ‍್ಯಾಂಪ್ ಎಂದರೆ 72 ಚದರ ಮೀಟರ್. ಗಂಟೆಗೆ 100 ಎಂಎಂ ಸುರಿದರೆ 7,200 ಲೀಟರ್ ಒಳಗೆ ಬರುತ್ತದೆ, ರಸ್ತೆಯ ಗಟಾರ ತುಂಬಿ ನುಗ್ಗುವುದು ಅದರ ಮೇಲೆ. ರ‍್ಯಾಂಪಿನ ತಲೆಯಲ್ಲಿ 150 ಎಂಎಂ ದಿಬ್ಬ, ತಲೆಗೂ ಬುಡಕ್ಕೂ ಜಾಲರಿ ಹಾಕಿದ ಅಡ್ಡಗಟಾರ, ನೀರು ಸೇರುವ ಸಂಪ್ ಗುಂಡಿಗೆ ಎರಡು ಪಂಪು, ಅವೆರಡಕ್ಕೂ ಜನರೇಟರ್ ಲೈನು. ಜೋರು ಮಳೆಗೇ ಕರೆಂಟು ಹೋಗುವುದು.

ಕಾರವಾರ, ಕುಮಟಾದಲ್ಲಿ ಸಮುದ್ರದ ಹತ್ತಿರ ಬೇಸ್‌ಮೆಂಟಿನ ಆಸೆಯನ್ನೇ ಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಅಂತರ್ಜಲ ನೆಲದ ಮಟ್ಟಕ್ಕೇ ಏರಿದರೆ, 2 ಮೀಟರ್ ನೀರು ತಳದ ಸ್ಲ್ಯಾಬನ್ನು ಚದರ ಮೀಟರಿಗೆ 2 ಟನ್‌ನಂತೆ ಮೇಲಕ್ಕೆ ಒತ್ತುತ್ತದೆ. 400 ಎಂಎಂ ದಪ್ಪದ ಆ ತಳದ ಸ್ಲ್ಯಾಬಿನ (ರಾಫ್ಟ್) ತೂಕ ಚದರ ಮೀಟರಿಗೆ 1 ಟನ್ ಮಾತ್ರ. ಮೇಲಿನ ಅಂತಸ್ತು ಏಳುವ ಮೊದಲೇ ಗುತ್ತಿಗೆದಾರ ಪಂಪು ನಿಲ್ಲಿಸಿದರೆ ಕಟ್ಟಿದ್ದೆಲ್ಲ ಬಿರುಕು. ಅಲ್ಲಿಗೆ ಸ್ಟಿಲ್ಟೇ ಸರಿ, ಅಂದರೆ ನೆಲಮಟ್ಟದಲ್ಲಿ ಕಂಬಗಳ ನಡುವೆ ಕಾರು, ಮೇಲೆ ಕಟ್ಟಡ.

ಇನ್ನು ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್), ಜನರೇಟರ್, ಮೀಟರ್ ಬೋರ್ಡು, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ. ನಕ್ಷೆಯಲ್ಲಿ ಇವಕ್ಕೆ ಜಾಗ ತೋರಿಸದಿದ್ದರೆ ಬಂದು ಕೂರುವುದು ಕಾರಿನ ಜಾಗದಲ್ಲೇ. ದೇವಿಕೆರೆ, ಸಿ.ಪಿ. ಬಜಾರಿಗೆ ಬರುವವರಲ್ಲಿ ಸ್ಕೂಟರಿನವರೇ ಹೆಚ್ಚು. ಐದು ನಿಮಿಷದ ಕೆಲಸಕ್ಕೆ ಯಾರೂ ಬೇಸ್‌ಮೆಂಟಿಗೆ ಇಳಿಯುವುದಿಲ್ಲ, ರಸ್ತೆಯಲ್ಲೇ ಸ್ಟ್ಯಾಂಡ್ ಹಾಕುತ್ತಾರೆ. 1ಕ್ಕೆ 2 ಮೀಟರಿನ ಆ ಜಾಗಗಳನ್ನು ರಸ್ತೆ ಬದಿಗೆ, ನೆಲಮಟ್ಟದಲ್ಲೇ ಕೊಡಿ.

ಆ ಕಾಂಪ್ಲೆಕ್ಸಿನಲ್ಲಿ ಕಂಬ ಕೀಳುವಂತಿರಲಿಲ್ಲ. ಹಿಂದಿನ ಎರಡು ಮಳಿಗೆಗಳ ಗೋಡೆ ಒಡೆದು ಮೂರು ಕಾರಿಗೆ ಜಾಗ ಮಾಡಿ, ಪರಿಷ್ಕೃತ ನಕ್ಷೆ ಹಾಕಿದರು. ಅಡ್ವಾನ್ಸ್ ಬಂದಿದ್ದು ಆ ಎರಡು ಮಳಿಗೆಗಳಿಗೇ.