ಶನಿವಾರದ ಪ್ರಯಾಣಕ್ಕೆ ಕಾರಿನ ತಯಾರಿ

ಭಾನುವಾರ, 4 ಮೇ 2025

ಬರುವ ಶನಿವಾರ ನಸುಕಿಗೇ ಹೊರಡಬೇಕು. ಐದು ಜನ, ಡಿಕ್ಕಿ ತುಂಬ ಸಾಮಾನು. ಸರ್ವೀಸ್ ಮೊನ್ನೆಯೇ ಮಾಡಿಸಿಕೊಂಡು ಬಂದೆ. ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಬಿಡುವುದು ನನಗೆ ಒಪ್ಪುವುದಿಲ್ಲ. ಬಿಚ್ಚಿ ಜೋಡಿಸಿದ ಪೈಪು ಎಲ್ಲಾದರೂ ಸಡಿಲ ಉಳಿದಿದ್ದರೆ, ಆಯಿಲ್ ಹನಿಯುತ್ತಿದ್ದರೆ, ಅದು ಮನೆ ಹತ್ತಿರ ಓಡಾಡುವಾಗಲೇ ಗೊತ್ತಾಗಲಿ. ದಿನಾ ಬೆಳಿಗ್ಗೆ ಕಾರು ನಿಂತ ಜಾಗದಲ್ಲಿ ನೆಲ ನೋಡುತ್ತಿದ್ದೇನೆ. ಒಣಗಿದೆ.

"ದಿನಾ ಓಡಿಸೋ ಕಾರೇ ಅಲ್ವಾ ಅಮ್ಮಾ, ಮತ್ತೆ ಇಷ್ಟೆಲ್ಲ ಯಾಕೆ?" ಎಂದಳು ಮಗಳು. ದಿನಾ ನಾನೊಬ್ಬಳೇ ಹೋಗುತ್ತೇನೆ, ಅರ್ಧ ಗಂಟೆಗೆ ಇಳಿಯುತ್ತೇನೆ. ಶನಿವಾರ ಅದೇ ಕಾರು ಎಲ್ಲರ ಭಾರ ಹೊತ್ತು, ಬಿಸಿಲಲ್ಲಿ, ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಬೇಕು. ಆಮೇಲೆ ಉದ್ದದ ಘಾಟಿ ಇಳಿಯಬೇಕು. ಭಾರ ಮತ್ತು ಬಿಸಿ, ಇವೆರಡನ್ನೂ ತಲೆಯಲ್ಲಿಟ್ಟುಕೊಂಡರೆ ಏನೇನು ನೋಡಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಹಾಗಾಗಿ ಮೊದಲು ಟೈರು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಗಾಳಿಯ ಲೆಕ್ಕದ ಸ್ಟಿಕ್ಕರ್ ಇರುತ್ತದೆ. ನಮ್ಮ ಕಾರಿಗೆ ಮಾಮೂಲಿ 33 ಪಿಎಸ್‌ಐ. ಫುಲ್ ಲೋಡ್ ಇದ್ದಾಗ ಹಿಂದಿನ ಟೈರುಗಳಿಗೆ 38. ಈ ಎರಡನೇ ಸಂಖ್ಯೆಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಗಾಳಿ ಕಮ್ಮಿ ಇದ್ದು ಭಾರ ಜಾಸ್ತಿಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಒಳಗೇ ಬಿಸಿಯಾಗುತ್ತದೆ. ಹೈವೇಯಲ್ಲಿ ಟೈರ್ ಸಿಡಿಯುವುದಕ್ಕೆ ಇದು ದೊಡ್ಡ ಕಾರಣ. ಗಾಳಿ ಅಳೆಯುವುದು ಟೈರು ತಣ್ಣಗಿರುವಾಗಲೇ. 10 ಡಿಗ್ರಿ ಬಿಸಿ ಏರಿದರೆ ಒತ್ತಡ ಹೆಚ್ಚೂಕಮ್ಮಿ 2 ಪಿಎಸ್‌ಐ ಏರುತ್ತದೆ. ದಾರಿ ಮಧ್ಯೆ ಅಳೆದು, ಜಾಸ್ತಿ ಇದೆ ಅಂತ ಗಾಳಿ ಬಿಟ್ಟರೆ, ಆರಿದ ಮೇಲೆ ಕಮ್ಮಿಯಾಗಿರುತ್ತದೆ.

ಆಮೇಲೆ ಸವೆತ. ಟೈರಿನ ಕಾಲುವೆಗಳ ತಳದಲ್ಲಿ ಅಡ್ಡಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ, 1.6 ಮಿಲಿಮೀಟರ್ ಎತ್ತರ. ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂತು ಅಂದರೆ ಟೈರು ಮುಗಿಯಿತು. ನಾನು 3 ಮಿಲಿಮೀಟರಿಗೇ ಬದಲಾಯಿಸುವವಳು. ಒದ್ದೆ ರಸ್ತೆಯಲ್ಲಿ ನೀರು ಆಚೆ ಹೋಗಲು ಕಾಲುವೆಗೆ ಆಳ ಬೇಕು. ನಮ್ಮ ನಾಲ್ಕೂ ಚೆನ್ನಾಗಿವೆ. ಅಂಗೈ ಸವರಿ ನೋಡಿದೆ, ಎಲ್ಲೂ ಉಬ್ಬಿಲ್ಲ. ಒಂದು ಕಡೆ ಮಾತ್ರ ಜಾಸ್ತಿ ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರ ನಿಂತಿವೆಯೇ ಅನ್ನೋದನ್ನು, ನೋಡಿಸಬೇಕಿತ್ತು. ಅದೂ ಇಲ್ಲ.

ಸ್ಟೆಪ್ನಿ ಮಾತ್ರ ತಕರಾರು ಮಾಡಿತು. ಡಿಕ್ಕಿಯ ಮ್ಯಾಟ್ ಎತ್ತಿ ಹೊರಗೆ ತೆಗೆದೆ. ರಸ್ತೆಯನ್ನೇ ಕಂಡಿಲ್ಲದ ಟೈರು, ಮೇಲಿನ ರಬ್ಬರ್ ಮುಳ್ಳುಗಳು ಕೂಡ ಹಾಗೇ ಇವೆ. ಬಟ್ಟೆಯಲ್ಲಿ ಒರೆಸಿ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲು ಹುಡುಕಿದೆ. ಕೊನೆಯ ನಾಲ್ಕು ಅಂಕಿ 1418. ಅಂದರೆ 2018ರ 14ನೇ ವಾರ ತಯಾರಾದದ್ದು. ಏಳು ವರ್ಷ. ಟಾರ್ಚ್ ಹಿಡಿದು ಗೋಡೆಯನ್ನು ಸ್ವಲ್ಪ ಒತ್ತಿದರೆ, ಅಕ್ಷರಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಒಳಗಿನ ಮೃದುತನ ಹೋಗುತ್ತದೆ. ಐದು ಜನರ ಭಾರವನ್ನು ಇದರ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ನಾಳೆ ಹೊಸದು ಹಾಕಿಸುತ್ತೇನೆ.

ಹೇಗೂ ಸ್ಟೆಪ್ನಿ ಹೊರಗೆ ಬಂದಿತ್ತು. ಮಗಳಿಗೆ ಚಕ್ರ ಬದಲಾಯಿಸುವುದನ್ನು ತೋರಿಸಿದೆ. ಹ್ಯಾಂಡ್‌ಬ್ರೇಕ್ ಹಾಕು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡು, ಕಾರು ಎತ್ತುವ ಮೊದಲೇ ನಟ್ಟು ಸಡಿಲಿಸು. ಎತ್ತಿದ ಮೇಲೆ ಬಿಗಿದ ನಟ್ಟು ತಿರುಗಿಸಲು ಹೋದರೆ ಕಾರು ಜಾಕಿಯಿಂದ ಜಾರಬಹುದು. ಸ್ಪ್ಯಾನರ್ ಮೇಲೆ ಎರಡೂ ಕೈ ಊರಿ ಮೊದಲ ನಟ್ಟನ್ನು ಅವಳೇ ಕದಲಿಸಿದಳು. ಅಲಾಯ್ ಚಕ್ರದ ಲಾಕ್ ನಟ್ಟಿನ ಕೀಲಿ ಎಲ್ಲಿದೆ ಅನ್ನೋದನ್ನೂ ತೋರಿಸಿದೆ. ಆ ಪುಟ್ಟ ಕೀಲಿ ಇಲ್ಲದಿದ್ದರೆ ಜಾಕಿ, ಸ್ಟೆಪ್ನಿ ಎಲ್ಲ ಇದ್ದೂ ಪ್ರಯೋಜನವಿಲ್ಲ.

ನನಗೆ ಟೈರಿನಷ್ಟೇ ಮುಖ್ಯ ಬ್ರೇಕ್ ಆಯಿಲ್. ಸರ್ವೀಸ್ ದಿನ ಬದಲಾಯಿಸಲು ಹೇಳಿದಾಗ ಮೆಕ್ಯಾನಿಕ್, "ಲೆವೆಲ್ ಸರಿಯಾಗೇ ಇದೆಯಲ್ಲ ಮೇಡಂ, ಬ್ರೇಕೂ ಚೆನ್ನಾಗಿ ಹಿಡೀತಿದೆ" ಎಂದರು. ಲೆವೆಲ್ ಸರಿ ಇತ್ತು. ಆದರೆ ಎರಡು ವರ್ಷ ದಾಟಿತ್ತು. ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಈ ಎಣ್ಣೆ ಗಾಳಿಯ ತೇವವನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನೋ ದರ್ಜೆಯ ಹೊಸ ಬ್ರೇಕ್ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ತುಂಬಿದ ಕಾರನ್ನು ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿಸಿದರೆ ಅಷ್ಟು ಬಿಸಿ ಬರಲು ಬಹಳ ಹೊತ್ತು ಬೇಡ. ಎಣ್ಣೆ ಕುದಿದರೆ ಪೈಪಿನಲ್ಲಿ ಆವಿ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಹಿಡಿಯುವುದು ಇದಕ್ಕೆ ಪರೀಕ್ಷೆಯೇ ಅಲ್ಲ. ಹಳೆಯ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು, ಹೊಸದು ತಿಳಿ ಹಳದಿ. ಅಷ್ಟಾದರೂ ಇಳಿಯುವಾಗ ಗೇರ್ ಇಳಿಸಿ, ಎಂಜಿನ್ನೇ ಕಾರನ್ನು ಹಿಡಿಯುವ ಹಾಗೆ ಓಡಿಸಬೇಕು.

ಉಳಿದದ್ದು ಬೇಗ ಮುಗಿಯಿತು. ಎಂಜಿನ್ ತಂಪಾಗಿಡುವ ದ್ರವ, ಕೂಲೆಂಟ್, ಎರಡು ಗುರುತಿನ ಮಧ್ಯೆ ಇದೆ. ಎಂಜಿನ್ ಬಿಸಿ ಇರುವಾಗ ಆ ಮುಚ್ಚಳ ಮುಟ್ಟಬಾರದು ಅಂತ ಮನೆಯವರಿಗೆಲ್ಲ ಇನ್ನೊಮ್ಮೆ ಹೇಳಿದೆ, ಒಳಗೆ ಒತ್ತಡದಲ್ಲಿರುವ ದ್ರವ ಚಿಮ್ಮಿ ಮುಖ ಸುಡುತ್ತದೆ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಎಂಜಿನ್ ಓಡುವಾಗ 14.1. ಎರಡೂ ಸರಿ. ವೈಪರ್ ಗಾಜಿನ ಮೇಲೆ ಗೆರೆ ಬಿಡುತ್ತಿತ್ತು, ಬ್ಲೇಡ್ ಬದಲಾಯಿಸಿದೆ. ಲೈಟುಗಳನ್ನು ಗೋಡೆ ಎದುರು ಹಾಕಿ ನೋಡಿದೆ.

ಲೈಟಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಹಿಂದೆ ಭಾರ ಕೂತರೆ ಕಾರಿನ ಮೂತಿ ಮೇಲಾಗುತ್ತದೆ, ಲೋ ಬೀಮ್ ಕೂಡ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ಬಹಳ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0, 1, 2, 3 ಅಂತ ಬರೆದ ಪುಟ್ಟ ಚಕ್ರ ಇರುತ್ತದೆ. ಸಂಖ್ಯೆ ಏರಿಸಿದಷ್ಟೂ ಬೆಳಕು ಕೆಳಗಿಳಿಯುತ್ತದೆ. ದಯವಿಟ್ಟು ಅದನ್ನು ಬಳಸಿ. ಎದುರಿನಿಂದ ಬರುವವರ ಕಾರಿನಲ್ಲೂ ಮಕ್ಕಳಿರುತ್ತಾರೆ.

ಗುರುವಾರ ಸಂಜೆ ಎಲ್ಲ ಸಾಮಾನು ತುಂಬುತ್ತೇವೆ. ಭಾರದ ಪೆಟ್ಟಿಗೆಗಳು ಕೆಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡು. ಜಾಕಿ, ಟಾರ್ಚ್, ತ್ರಿಕೋನದ ಫಲಕ ಮಾತ್ರ ಸಾಮಾನಿನ ಅಡಿಗೆ ಹೋಗಬಾರದು. ಐದೂ ಜನ ಕೂತು ಒಂದು ಸುತ್ತು ಹೋಗಿ ಬರುತ್ತೇವೆ, ಸದ್ದು ಕೇಳುತ್ತೇವೆ, ಬ್ರೇಕ್ ಎಷ್ಟು ದೂರಕ್ಕೆ ನಿಲ್ಲಿಸುತ್ತದೆ ನೋಡುತ್ತೇವೆ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಗ್ಯಾರೇಜಿಗೆ ಹೋಗಲು ಶುಕ್ರವಾರ ಪೂರ್ತಿ ಖಾಲಿ ಇಟ್ಟುಕೊಂಡಿದ್ದೇನೆ.