ಸಂಜೆಯ ಗಂಟು

ಮಧ್ಯಾಹ್ನದ ತನಕ ನಮ್ಮ ಅತ್ತೆ ಆರಾಮಾಗಿಯೇ ಇರುತ್ತಾರೆ. ಶೇಂಗಾ ಸುಲಿದು ಕೊಡುತ್ತಾರೆ, ಹಾಲಿನವನ ಜೊತೆ ಅಳತೆ ಬಗ್ಗೆ ಜಗಳ ತೆಗೆಯುತ್ತಾರೆ. ಬಿಸಿಲು ಇಳಿಯಿತೋ, ಶುರು. ಹಳೇ ಇಳಕಲ್ ಸೀರೆಯೊಂದನ್ನು ನೆಲಕ್ಕೆ ಹಾಸಿ ಗಂಟು ಕಟ್ಟಲು ಕೂರುತ್ತಾರೆ. ಎಲೆ-ಅಡಿಕೆ ಸಂಚಿ, ತೀರಿಹೋದ ಮಾವನವರ ಕನ್ನಡಕ, ಎರಡು ರೊಟ್ಟಿ, ಒಮ್ಮೊಮ್ಮೆ ಟಿವಿ ರಿಮೋಟು. ಗಂಟು ಬಗಲಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರ ಹೋಗಿ, "ನಡಿಯವಾ, ಮನಿಗಿ ಹೋಗೂಣು, ಹೊತ್ತು ಮುಣಗಾಕ ಬಂತು" ಅನ್ನುತ್ತಾರೆ.

ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆಯಲ್ಲಿ ಸಂಜೆ ಹೊತ್ತಿಗೆ ಗೊಂದಲ ಜಾಸ್ತಿಯಾಗುವುದು ಸಾಮಾನ್ಯ ಎಂದು ಡಾಕ್ಟರು ಹೇಳಿದ್ದಾರೆ. ಸ್ವಂತ ಮನೆಯಲ್ಲೇ ಕೂತು 'ಮನೆಗೆ ಹೋಗೋಣ' ಅನ್ನುವವರೂ ಇರುತ್ತಾರಂತೆ. ಆದರೆ ನಮ್ಮದು ಬಾಗಲಕೋಟೆ ನೋಡಿ. ಅತ್ತೆ ಕೇಳುವ ಮನೆ ನಿಜವಾಗಿಯೂ ಇತ್ತು. ಮಣ್ಣಿನ ಮಾಳಿಗೆ, ಮುಂದೆ ಕಟ್ಟೆ, ಸ್ವಲ್ಪ ನಡೆದರೆ ಘಟಪ್ರಭೆ. ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಅದು ಹೋಯಿತು, ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಸೆಕ್ಟರಿಗೆ ನಾವು ಬಂದೆವು. ಈ ಕಾಯಿಲೆಯಲ್ಲಿ ಇತ್ತೀಚಿನದು ಮೊದಲು ಅಳಿಸುತ್ತದೆ, ಹಳೆಯದು ಬೇಗ ಹೋಗುವುದಿಲ್ಲ. ಹಾಗಾಗಿ ಸೆಕ್ಟರ್ ನಂಬರು ಹೋಗಿದೆ, ಓಣಿ ಉಳಿದಿದೆ. ಇದರಲ್ಲಿ ಕಾಯಿಲೆ ಎಷ್ಟು, ದುಃಖ ಎಷ್ಟು ಅಂತ ಯಾವ ಸ್ಕ್ಯಾನಿಂಗಿನಲ್ಲಿ ನೋಡೋದು?

ಮಳೆಗಾಲದಲ್ಲಿ ಡ್ಯಾಂ ತುಂಬಿ 519.60 ಮೀಟರ್ ಮುಟ್ಟಿತು ಅಂದರೆ ಜಿಲ್ಲೆಗೆಲ್ಲ ಖುಷಿ. ಮುಖ್ಯಮಂತ್ರಿಗಳು ಕೃಷ್ಣೆಗೆ ಬಾಗಿನ ಅರ್ಪಿಸುವುದನ್ನು ಟಿವಿಯಲ್ಲಿ ತೋರಿಸುತ್ತಾರೆ. ನಾನು ಚಾನೆಲ್ ಬದಲಿಸಿಬಿಡುತ್ತೇನೆ. ರಿಮೋಟು ಗಂಟಿನಲ್ಲಿ ಇಲ್ಲದಿದ್ದರೆ.

ಮೈ ತೊಳೆಸುವುದು, ಉಣಿಸುವುದು, ರಾತ್ರಿ ಎದ್ದು ಬಚ್ಚಲಿಗೆ ಕರೆದುಕೊಂಡು ಹೋಗುವುದು, ಇವಕ್ಕೆಲ್ಲ ಕೈ ಹೊಂದಿಕೊಂಡಿದೆ. ಹೊಂದಿಕೊಳ್ಳದ್ದು ಸಿಟ್ಟು. ಗೇಟಿನ ಹತ್ತಿರ ಅದೇ ಮಾತು ಮತ್ತೆ ಮತ್ತೆ ಕೇಳುವಾಗ ಹೊಟ್ಟೆಯೊಳಗಿಂದ ಏಳುತ್ತದೆ. ಅವರ ಮೇಲಂತೂ ಅಲ್ಲ. ಯಾರ ಮೇಲೆ ಅಂತ ಕೇಳಿದರೆ ಹೇಳಲು ಬರಲ್ಲ. ಆಫೀಸಿನಿಂದ ಬಂದು ಚಹಾ ಕೇಳುವ ಗಂಡನ ಮೇಲೆ ಸ್ವಲ್ಪ, ಜಾತ್ರೆಗೆ ಹೊರಟ ಪಕ್ಕದ ಮನೆಯವರ ಮೇಲೆ ಸ್ವಲ್ಪ.

ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಯಾಕೆಂದರೆ ನಾನು ಒಳ್ಳೆಯ ಸೊಸೆ! ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಕೈ ಹಿಡಿದು, "ಮಗಳು ಮಾಡೂದಿಲ್ಲ ಇಷ್ಟು, ನಿನಗ ಭಾಳ ಪುಣ್ಯ ಬರತೈತಿ ತಂಗಿ" ಅನ್ನುತ್ತಾರೆ. ಹೊಗಳಿಕೆ ಬಾಯಿಗೆ ಹಾಕಿದ ಬೀಗ. ಇಷ್ಟು ಹೊಗಳಿದ ಮೇಲೆ 'ನನಗೆ ಸಾಕಾಗಿದೆ ರೀ' ಅಂತ ಹೇಗೆ ಹೇಳುವುದು? ಪುಣ್ಯದ ಬದಲು ಒಂದು ಸಂಜೆ ಬಂದು ಅತ್ತೆಯ ಹತ್ತಿರ ಕೂತರೆ ನನಗೆ ಅದೇ ದೊಡ್ಡದು.

ಒಂದು ರಾತ್ರಿ ಅಡುಗೆಮನೆ ಬಾಗಿಲು ಮುಚ್ಚಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, 2022ರಲ್ಲಿ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅತ್ತೆಗೆ ಏನು ಮಾಡಬೇಕು ಅಂತ ಕೇಳಲು ಹೋದವಳು ನಾನು. ಆ ಕಡೆಯ ಹುಡುಗಿ ನನ್ನ ನಿದ್ದೆಯ ಬಗ್ಗೆ ಕೇಳಿದಳು. ಕುಕ್ಕರಿನಲ್ಲಿ ಬೇಳೆ ಹತ್ತಿ ವಾಸನೆ ಬರುವ ತನಕ ಮಾತಾಡಿದೆ. ಕಾಯಿಲೆ ಅದರಿಂದ ಕಡಿಮೆಯಾಗಿಲ್ಲ, ಆಗುವುದೂ ಇಲ್ಲ. ಆದರೆ ಸಿಟ್ಟಿನ ವಿಷಯ ಹೇಳಿದಾಗ ಆಕೆ ಪುಣ್ಯದ ಮಾತು ಎತ್ತಲಿಲ್ಲ, ಅಷ್ಟು ಸಾಕಾಯಿತು.

ಈಗ ಗಂಟು ಕಟ್ಟಿದಾಗ ವಾದ ಮಾಡಲ್ಲ. ಚಪ್ಪಲಿ ಹಾಕಿಕೊಂಡು ಜೊತೆಗೇ ಹೊರಡುತ್ತೇನೆ. ಸೆಕ್ಟರಿನ ಪಾರ್ಕಿನ ತನಕ ನಡೆಯುತ್ತೇವೆ. "ಮನೆ ಮುಂದೆ ಯಾರ್ ಯಾರ್ ಇದ್ದರು ಅತ್ತಿ?" ಅಂತ ಕೇಳಿದರೆ ಒಂದೊಂದೇ ಮನೆ ಹೇಳುತ್ತಾ ಬರುತ್ತಾರೆ: ಬಳೆಗಾರರದು, ಕುಲಕರ್ಣೇರದು, ನೇಕಾರರ ಮಗ್ಗದ ಮನೆ. ಕೆಲವು ದಿನ ಅಷ್ಟಕ್ಕೇ ಸಮಾಧಾನ. ಕೆಲವು ದಿನ ಪಾರ್ಕಿನ ಬೆಂಚು ಹಿಡಿದು ಅಳುತ್ತಾರೆ, ಏನೂ ನಡೆಯಲ್ಲ.

ಮೊನ್ನೆ ಧಾರವಾಡದ ನಾದಿನಿಗೆ ನೇರವಾಗಿ ಹೇಳಿದೆ: ದಸರೆಗೆ ಬಂದಾಗ ಸೀರೆ ತರಬೇಡ, ಒಂದು ವಾರ ರಜೆ ತೆಗೆದುಕೊಂಡು ಬಾ, ನಾನು ತವರಿಗೆ ಹೋಗುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ, "ಆತು ವೈನಿ" ಅಂದಳು. ಮುಧೋಳದಲ್ಲಿ ನಮ್ಮ ಅವ್ವ ಈಗಲೇ ಏನೇನು ಮಾಡಿ ಹಾಕಬೇಕು ಅಂತ ಪಟ್ಟಿ ಹಾಕುತ್ತಿದ್ದಾಳೆ. ನಾನು ಮೊದಲ ದಿನ ಬರೀ ಮಲಗುತ್ತೇನೆ ಅಂತ ಹೇಳಿಟ್ಟಿದ್ದೇನೆ.