ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತಿದೆ, ಕೂಲರ್ ಬದಲಿಸಬೇಕೇ?

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಂಡವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ವಿಡಿಯೊ ರೆಂಡರ್ ಮಾಡುವಾಗ ಪ್ರೊಸೆಸರ್ 95 ಡಿಗ್ರಿ ತೋರಿಸುತ್ತಿದೆ, ಇನ್ನೂ ದೊಡ್ಡ ಕೂಲರ್ ತರಬೇಕೇ? ಇದಕ್ಕೆ ಉತ್ತರಿಸುವ ಮೊದಲು ನಾನೊಂದು ಮರುಪ್ರಶ್ನೆ ಹಾಕುತ್ತೇನೆ. ಆ ಹೊತ್ತಿನಲ್ಲಿ ಅದು ಎಷ್ಟು ವಾಟ್ ಎಳೆಯುತ್ತಿತ್ತು, ಎಷ್ಟು ಗಿಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು? ಡಿಗ್ರಿಯೊಂದನ್ನೇ ಹಿಡಿದುಕೊಂಡು ಕುಳಿತರೆ ದೋಷ ಎಲ್ಲಿದೆ ಎಂಬುದಿರಲಿ, ದೋಷ ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ಈ ಮೂರನ್ನೂ ಒಟ್ಟಿಗೆ ನೋಡಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೊ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ತೆರೆದಿಟ್ಟು, ಸಿನಿಬೆಂಚ್‌ನಂತಹ ಭಾರದ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಅಂಕಿಗಳು ಹೇಗೆ ಏರುತ್ತವೆ ಎಂಬುದನ್ನು ಗಮನಿಸಬೇಕು.

ಎಎಂಡಿಯು 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ರೈಜನ್ 7 7700ಎಕ್ಸ್ ಅನ್ನೇ ತೆಗೆದುಕೊಳ್ಳಿ. ಅದರ ಮೂಲ ವೇಗ 4.5 ಗಿಗಾಹರ್ಟ್ಸ್, ವಿದ್ಯುತ್ ಮಿತಿ 142 ವಾಟ್, ಉಷ್ಣಾಂಶದ ಮಿತಿ 95 ಡಿಗ್ರಿ. ಈ ಮಿತಿಗಳಲ್ಲಿ ಯಾವುದಾದರೊಂದು ಅಡ್ಡ ಬರುವವರೆಗೂ ವೇಗವನ್ನು ಏರಿಸುತ್ತಲೇ ಹೋಗುವಂತೆ ಅದನ್ನು ರೂಪಿಸಲಾಗಿದೆ. ಹೀಗಾಗಿ 130 ವಾಟ್ ಎಳೆಯುತ್ತಾ, 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಓಡುತ್ತಾ ಅದು 95 ಡಿಗ್ರಿ ತೋರಿಸಿದರೆ ಗಾಬರಿಯಾಗಲು ಕಾರಣವಿಲ್ಲ. ಆ ಬಿಸಿ ಬೇಡವೆನ್ನುವವರು ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳನ್ನು ಬದಲಿಸುವ ಬಯೋಸ್‌ನಲ್ಲಿ 65 ವಾಟ್‌ನ ಇಕೋ ಮೋಡ್ (ಕಡಿಮೆ ವಿದ್ಯುತ್ ಬಳಸುವ ವಿಧಾನ) ಆರಿಸಿಕೊಳ್ಳಬಹುದು. ಉಷ್ಣಾಂಶ ಎದ್ದುಕಾಣುವಷ್ಟು ಇಳಿಯುತ್ತದೆ, ಕೆಲಸದ ವೇಗ ಮಾತ್ರ ಅಷ್ಟಾಗಿ ಕುಗ್ಗುವುದಿಲ್ಲ. ಅದೇ 95 ಡಿಗ್ರಿ 70 ವಾಟ್‌ಗೇ ಬಂದು, ವೇಗವೂ 4.5ಕ್ಕಿಂತ ಕೆಳಗಿಳಿದಿದ್ದರೆ ಬಿಸಿಯನ್ನು ಹೊತ್ತೊಯ್ಯುವ ಕೆಲಸ ಎಲ್ಲೋ ನಿಂತುಹೋಗಿದೆ ಎಂದೇ ಅರ್ಥ.

ಇಂಟೆಲ್‌ನ ದೊಡ್ಡ ಪ್ರೊಸೆಸರ್‌ಗಳ ಕಥೆ ಸ್ವಲ್ಪ ಬೇರೆ. ಕೋರ್ ಐ9 13900ಕೆಗೆ ಕಂಪನಿ ಹೇಳಿರುವ ಗರಿಷ್ಠ ಟರ್ಬೊ (ಅತಿವೇಗದ ಓಟದ) ಮಿತಿ 253 ವಾಟ್. ಆದರೆ ಹಲವು ಮದರ್‌ಬೋರ್ಡ್‌ಗಳು ಆ ಜಾಗದಲ್ಲಿ 4096 ವಾಟ್ ಎಂದು ತುಂಬಿಕೊಂಡೇ ಬರುತ್ತಿದ್ದವು, ಅಂದರೆ ಮಿತಿಯೇ ಇಲ್ಲ. ಹಾಗೆ ಬಿಟ್ಟರೆ ಎಂಥ ಕೂಲರ್ ಹಾಕಿದರೂ ಅದು ತನ್ನ 100 ಡಿಗ್ರಿಯ ಮಿತಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಬದಲಿಸಬೇಕಾದದ್ದು ಬಯೋಸ್‌ನ ಆ ಸಂಖ್ಯೆಯನ್ನು. 13 ಮತ್ತು 14ನೇ ಪೀಳಿಗೆಯ ಇಂತಹ ಪ್ರೊಸೆಸರ್ ಇರುವವರು ಬಯೋಸನ್ನು ಹೊಸ ಆವೃತ್ತಿಗೆ ಏರಿಸಿಕೊಳ್ಳಲೇಬೇಕು. ಅತಿಯಾದ ವೋಲ್ಟೇಜ್‌ನಿಂದ ಅವು ಕಾಲಕ್ರಮೇಣ ಕೆಡುವುದನ್ನು ತಡೆಯುವ ಮೈಕ್ರೊಕೋಡ್ ಅನ್ನು, ಅಂದರೆ ಪ್ರೊಸೆಸರಿನೊಳಗಿನ ಸೂಚನೆಗಳ ತಿದ್ದುಪಡಿಯನ್ನು, ಇಂಟೆಲ್ 2024ರಲ್ಲಿ ಹೊರತಂದಿದೆ.

ಇನ್ನು ನಿಜವಾದ ದೋಷದ ಮಾತಿಗೆ ಬರೋಣ. ಕೋರ್ ಐ5 12400ರಂತಹ ಮಿತವಾದ ಪ್ರೊಸೆಸರ್ 50 ವಾಟ್‌ಗೇ, ಅದೂ ಪರೀಕ್ಷೆ ಆರಂಭವಾದ ಕೆಲವೇ ಕ್ಷಣಗಳಲ್ಲಿ 100 ಡಿಗ್ರಿಗೆ ಜಿಗಿದರೆ, ಕೂಲರಿನ ತಳ ಪ್ರೊಸೆಸರಿಗೆ ಸರಿಯಾಗಿ ತಾಗಿಲ್ಲವೆಂದು ನಾನು ಕ್ಯಾಬಿನೆಟ್ ತೆರೆಯುವ ಮೊದಲೇ ಹೇಳುತ್ತೇನೆ. ಇಂಟೆಲ್ ಪೆಟ್ಟಿಗೆಯಲ್ಲೇ ಬರುವ ಕೂಲರಿಗೆ ನಾಲ್ಕು ಮೂಲೆಗಳಲ್ಲಿ ಒತ್ತುವ ಪಿನ್‌ಗಳಿರುತ್ತವೆ. ಅವುಗಳ ತಲೆಯ ಮೇಲಿರುವ ಬಾಣದ ಗುರುತನ್ನು ಹಲವರು ಬಿಗಿಮಾಡುವ ದಿಕ್ಕೆಂದು ತಿಳಿಯುತ್ತಾರೆ. ಅದು ಬಿಚ್ಚುವ ದಿಕ್ಕು. ಎದುರುಬದುರು ಮೂಲೆಗಳ ಎರಡೆರಡು ಪಿನ್‌ಗಳನ್ನು ಒಟ್ಟಿಗೆ, ಕಟಕ್ಕೆನ್ನುವವರೆಗೆ ಒತ್ತಬೇಕು. ಅಷ್ಟಕ್ಕೇ ಬಿಡದೆ ಮದರ್‌ಬೋರ್ಡ್‌ನ ಹಿಂಬದಿಗೆ ಟಾರ್ಚ್ ಹಿಡಿದು ನೋಡಿದರೆ, ಪ್ರತಿ ರಂಧ್ರದಿಂದಲೂ ಸೀಳುಗಾಲುಗಳು ಪೂರ್ತಿ ಹೊರಬಂದು, ನಡುವೆ ಇಳಿದ ಕಪ್ಪು ಕಡ್ಡಿ ಅವನ್ನು ಅಗಲಿಸಿ ಹಿಡಿದಿರಬೇಕು. ಮೂರು ಹೀಗಿದ್ದು ನಾಲ್ಕನೆಯದರ ಒಂದು ಕಾಲು ಮಡಚಿಕೊಂಡು ಒಳಗೇ ಉಳಿದಿದ್ದರೆ ಕೂಲರ್ ಒಂದು ಕಡೆಗೆ ಎದ್ದುನಿಂತಿರುತ್ತದೆ, ಮೇಲಿನಿಂದ ನೋಡಿದವರಿಗೆ ಅದು ಕಾಣಿಸುವುದೂ ಇಲ್ಲ.

ಕೂಲರನ್ನು ಕಳಚಿದಾಗ, ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್‌ನ ಗುರುತು ಉಳಿದದ್ದನ್ನು ಹೇಳಿಬಿಡುತ್ತದೆ. ಒಂದು ಅಂಚಿನಲ್ಲಿ ದಪ್ಪಗೆ ನಿಂತು, ಇನ್ನೊಂದು ಅಂಚಿನಲ್ಲಿ ತೆಳುವಾಗಿ ಹರಡಿದ್ದರೆ ಒತ್ತಡ ಓರೆಯಾಗಿದೆ. ಬೇರೆಯಾಗಿ ಕೊಂಡ ಕೂಲರ್ ಆಗಿದ್ದರೆ ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡಿರುವ ಸಾಧ್ಯತೆಯೂ ಇದೆ; ನಗಬೇಡಿ, ಇದು ಅಪರೂಪವೇನಲ್ಲ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದರಾಯಿತು. ಎಎಂಡಿಯ ಹಿಂದಿನ ಪೀಳಿಗೆಯ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ ಉಳ್ಳವರು ಮಾತ್ರ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟನ್ನು ಬೆಚ್ಚಗೆ ಮಾಡಿಕೊಂಡು, ಆಫ್ ಮಾಡಿದ ಮೇಲೆ, ಕೂಲರನ್ನು ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ನೇರವಾಗಿ ಎಳೆದರೆ ಪ್ರೊಸೆಸರೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತುಬಂದು ಅದರ ಪಿನ್‌ಗಳು ಬಾಗುತ್ತವೆ.

ನೀರಿನ ಕೂಲರ್‌ಗಳಲ್ಲಿ ಬಯೋಸ್ ಪರದೆಯಲ್ಲೇ ಉಷ್ಣಾಂಶ ನಿಲ್ಲದೆ ಏರುತ್ತಿದ್ದರೆ ಪಂಪ್ ತಿರುಗುತ್ತಿಲ್ಲವೆಂದು ಶಂಕಿಸಬೇಕು. ಅದರ ವೈರ್ ಮದರ್‌ಬೋರ್ಡ್‌ನ ಸರಿಯಾದ ಹೆಡರಿಗೆ (ವೈರ್ ಸಿಕ್ಕಿಸುವ ಪಿನ್‌ಗಳಿಗೆ) ಹೋಗಿದೆಯೇ, ಅದರ ಸುತ್ತುಗಳ ಸಂಖ್ಯೆ ಕಾಣುತ್ತಿದೆಯೇ ನೋಡಿ.

ಉಷ್ಣಾಂಶ ಜಿಗಿಯದೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಮೆಲ್ಲಗೆ ಏರುತ್ತಿದ್ದರೆ ಕ್ಯಾಬಿನೆಟ್‌ನ ಗಾಳಿ ಸಾಲುತ್ತಿಲ್ಲ. ಪಕ್ಕದ ಫಲಕ ತೆಗೆದು ಅದೇ ಪರೀಕ್ಷೆಯನ್ನು ಮತ್ತೆ ಓಡಿಸಿದಾಗ ಉಷ್ಣಾಂಶ ಚೆನ್ನಾಗಿ ಇಳಿದರೆ ಅನುಮಾನವೇ ಬೇಡ. ಧೂಳು ಹಿಡಿದ ಜಾಲರಿಯನ್ನು ತೊಳೆಯಿರಿ, ಮುಂಭಾಗದಲ್ಲಿ ಬರೀ ಗಾಜಿದ್ದರೆ ಫ್ಯಾನ್‌ಗಳಿಗೆ ಗಾಳಿಯ ದಾರಿ ಎಲ್ಲಿದೆ ನೋಡಿ. ಕೋಣೆಯ ಗಾಳಿಯನ್ನೂ ಮರೆಯಬಾರದು. ಫ್ಯಾನ್ ಕೂಲರ್ ಆಗಲಿ ನೀರಿನದ್ದಾಗಲಿ, ಕೋಣೆಗಿಂತ ತಂಪಾಗಿ ಪ್ರೊಸೆಸರನ್ನು ಇಡಲಾರದು. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ 75 ತೋರಿಸಿದ ಅದೇ ಕಂಪ್ಯೂಟರ್, ಮೇ ತಿಂಗಳ ಕಲಬುರಗಿಯ 40 ಡಿಗ್ರಿಯ ಕೋಣೆಯಲ್ಲಿ 90ರ ಹತ್ತಿರ ತೋರಿಸುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಇಷ್ಟೆಲ್ಲ ನೋಡಿದ ಮೇಲೂ ಕೂಲರೇ ಚಿಕ್ಕದು ಎನಿಸಿದರೆ, 120 ಮಿಲಿಮೀಟರ್ ಫ್ಯಾನ್ ಇರುವ ಒಂಟಿ ಗೋಪುರದ ಕೂಲರ್ ಬಹುತೇಕ ಮನೆ ಕಂಪ್ಯೂಟರ್‌ಗಳಿಗೆ ಸಾಕು. ಕೊಳ್ಳಲೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮೊದಲು ನಿಮ್ಮ ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರಿಗೆ ಜಾಗ ಕೊಡುತ್ತದೆ ಎಂಬುದನ್ನು ಬರೆದಿಟ್ಟುಕೊಂಡು ಹೋಗಿ. ಇಂತಹ ಹಲವು ಕೂಲರ್‌ಗಳು 155 ಮಿಲಿಮೀಟರ್‌ಗೂ ಎತ್ತರವಾಗಿರುತ್ತವೆ.